ವೇದಿಕೆಯ ಮುಂದಿನ ಖಾಲಿ ಜಾಗ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ ಮುಂದೆ ಡ್ರಾಯಿಂಗ್ ಮೇಷ್ಟ್ರಾದವನು ನಾನು. ಯಾವುದಾದರೂ ಚಿತ್ರದ ಬಗ್ಗೆ ಮಾತನಾಡಿ ಎಂದು ಸಮಿತಿಯವರು ಹೇಳಿದರು. ನಾನು ಆರಿಸಿಕೊಂಡದ್ದು ಒಂದು ವಿಚಾರಣೆಯ ಚಿತ್ರ.

ನಮ್ಮ ಯಲಹಂಕದಿಂದ ಹೆಸರಘಟ್ಟದ ಕಡೆ ಹೋದರೆ ಸಿಲ್ವೆಪುರವಿದೆ. ಹೆಸರಿನಲ್ಲೇ ಶಿಲುಬೆ ಇರುವ ಊರು. ಕ್ರಿಸ್ತನ ಕಥೆಯನ್ನು ನಮ್ಮ ನೆಲದ ರೂಪಗಳಲ್ಲಿ ಬರೆದ ಕಲಾವಿದ ಜ್ಯೋತಿ ಸಾಹಿ ನೆಲೆಸಿದ್ದು ಅಲ್ಲೇ. ನಮ್ಮ ಸುತ್ತಲಿನ ಕ್ಯಾಥೊಲಿಕ್ ಚರ್ಚುಗಳ ಗೋಡೆಗಳಲ್ಲಿ ಸಾಮಾನ್ಯವಾಗಿ ಶಿಲುಬೆ ಹಾದಿಯ 14 ಚಿತ್ರಗಳಿರುತ್ತವೆ. ಮೊದಲನೆಯದೇ ಈ ವಿಚಾರಣೆ. ಯೇಸುವಿನಲ್ಲಿ ತಪ್ಪಿಲ್ಲವೆಂದು ರೋಮನ್ ಅಧಿಕಾರಿ ಪಿಲಾತನಿಗೆ ಗೊತ್ತು. ಆದರೂ ಜನರ ಕೂಗಿಗೆ ಮಣಿದು, ನೀರು ತರಿಸಿ ಕೈ ತೊಳೆದುಕೊಂಡು, ಮರಣದಂಡನೆಗೆ ಒಪ್ಪಿಸುತ್ತಾನೆ.

1600 ವರ್ಷಗಳಿಂದ ಕಲಾವಿದರು ಈ ದೃಶ್ಯವನ್ನು ಬಿಟ್ಟಿಲ್ಲ. 359ರಲ್ಲಿ ತೀರಿಕೊಂಡ ಜೂನಿಯಸ್ ಬಾಸ್ಸಸ್ ಎಂಬ ರೋಮನ್ ಅಧಿಕಾರಿಯ ಅಮೃತಶಿಲೆಯ ಶವಪೆಟ್ಟಿಗೆಯ ಮೇಲೆ ಪಿಲಾತ ಮುಖ ಬೇರೆಡೆ ತಿರುಗಿಸಿ ಕುಳಿತಿದ್ದಾನೆ. 6ನೇ ಶತಮಾನದ ರೊಸ್ಸಾನೊ ಸುವಾರ್ತೆಯ ಹಸ್ತಪ್ರತಿಯಲ್ಲಿ ಎರಡೂ ಕಡೆ ಜನ ಸೇರಿದ್ದಾರೆ. 1560ರ ದಶಕದಲ್ಲಿ ವೆನಿಸ್‌ನ ಟಿಂಟೊರೆಟ್ಟೊ ಬರೆದ ಚಿತ್ರದಲ್ಲಿ ಕತ್ತಲ ನಡುವೆ ಬಿಳಿ ಬಟ್ಟೆಯ ಯೇಸು ದೀಪದ ಹಾಗೆ ನಿಂತಿದ್ದಾನೆ.

ನನ್ನನ್ನು ಕಾಡುವುದು ಮಾತ್ರ ರೆಂಬ್ರಾಂಟ್‌ನ ಚಿತ್ರ. 1655ರಲ್ಲಿ ಆತ ತಾಮ್ರದ ತಗಡಿನ ಮೇಲೆ ಗೀರಿ ಇದನ್ನು ಅಚ್ಚು ಹಾಕಿದ. ಪಿಲಾತ ಎತ್ತರದ ಕಟ್ಟೆಯ ಮೇಲೆ ಯೇಸುವನ್ನು ಜನರಿಗೆ ತೋರಿಸುತ್ತಿದ್ದಾನೆ. ಮೊದಲ ಪ್ರತಿಗಳಲ್ಲಿ ಕಟ್ಟೆಯ ಮುಂದೆ ಗುಂಪು ತುಂಬಿದೆ. ಆಮೇಲೆ ರೆಂಬ್ರಾಂಟ್ ಆ ಗುಂಪನ್ನೇ ತಗಡಿನಿಂದ ಕೆರೆದು ತೆಗೆದ. ನಂತರದ ಪ್ರತಿಗಳಲ್ಲಿ ಆ ಜಾಗ ಖಾಲಿ. ಚಿತ್ರ ನೋಡಲು ನಿಂತ ನಾವೇ ಈಗ ಅಲ್ಲಿ ನಿಂತಂತೆ.

ಅದನ್ನು ನೋಡಿದಾಗಲೆಲ್ಲ ನನಗೆ ಎಂಟನೇ ತರಗತಿ ನೆನಪಾಗುತ್ತದೆ. ಒಂದು ದಿನ ಯಾರದೋ ಜಾಮಿಟ್ರಿ ಬಾಕ್ಸ್ ಕಾಣೆಯಾಯಿತು. ಕಲ್ಲು ಒಡೆಯುವವರ ಗುಡಿಸಲಿನಿಂದ ಬರುತ್ತಿದ್ದ ಹುಡುಗನ ಕಡೆ ಬೆರಳು ತೋರಿಸಿ "ಅವನೇ, ಅವನೇ" ಎಂದು ತರಗತಿಯೆಲ್ಲ ಕೂಗಿತು. ಬಿಡುವಿನ ಹೊತ್ತಿನಲ್ಲಿ ಅವನು ಪೂರ್ತಿ ನನ್ನ ಜೊತೆ ಹುಣಸೆಮರದ ಕೆಳಗಿದ್ದ. ಅದು ನನಗೊಬ್ಬನಿಗೇ ಗೊತ್ತು. ಅವನು ಒಮ್ಮೆ ನನ್ನತ್ತ ನೋಡಿದ. ನಾನು ಕೂಗಲಿಲ್ಲ, ಎದ್ದು ನಿಂತು ಹೇಳಲೂ ಇಲ್ಲ. ಕೂಗಲಿಲ್ಲವಲ್ಲ ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡೆ. ಪಿಲಾತನೂ ಕೂಗಿರಲಿಲ್ಲ.

ಮೂರು ದಿನದ ಮೇಲೆ ಬಾಕ್ಸ್ ಬೀರುವಿನ ಹಿಂದೆ ಸಿಕ್ಕಿತು. ಅಷ್ಟರಲ್ಲಿ ಅವನು ಶಾಲೆ ಬಿಟ್ಟಿದ್ದ. ನಮ್ಮ ಬ್ಯಾಚಿನ ಗುಂಪು ಫೋಟೋದಲ್ಲಿ ಅವನಿಲ್ಲ.

ಈ ಸಂಚಿಕೆ ಹೇಗಾದರೂ ಅವನ ಕೈ ಸೇರಿದರೆ, ಗೆಳೆಯಾ, ಅವತ್ತು ನೀನು ನನ್ನ ಜೊತೆಗಿದ್ದೆ. ಇದನ್ನು ಎಲ್ಲರ ಮುಂದೆ ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಕ್ಷಮಿಸು.

ಮಕ್ಕಳೇ, ನೀವು ಇಷ್ಟು ತಡ ಮಾಡಬೇಡಿ. ಗೊತ್ತಿದ್ದರೆ ಅಲ್ಲೇ ಎದ್ದು ಹೇಳಿ.