ಪಹಣಿಯ ಗಡಿ ಮೀರುವ ಸಂಕಟಗಳು

(ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಉತ್ತರ ಕನ್ನಡದ ಘಟ್ಟದ ಮೇಲಿನ ಯಾವ ಊರಿನಲ್ಲಿಯಾದರೂ ಜಿಲ್ಲೆಯ ಅತಿ ದೊಡ್ಡ ಸಮಸ್ಯೆ ಯಾವುದೆಂದು ಕೇಳಿದರೆ ಉತ್ತರಕ್ಕೆ ತಡವಾಗುವುದಿಲ್ಲ. ಅಡಿಕೆಯ ಎಲೆಚುಕ್ಕಿ ರೋಗ, ಮಂಗನ ಹಾವಳಿ, ಅತಿಕ್ರಮಣ ಭೂಮಿಯ ಹಕ್ಕುಪತ್ರ, ತುರ್ತು ಚಿಕಿತ್ಸೆಗೆ ಹುಬ್ಬಳ್ಳಿಗೋ ಮಂಗಳೂರಿಗೋ ಓಡಬೇಕಾದ ಪಾಡು. ಎಲ್ಲವೂ ನಿಜವಾದ ಸಂಕಟಗಳೇ. ಆದರೆ ತೋಟದ ಮೇಲಿರುವ ಬೆಟ್ಟದ ಹೆಸರು ಈ ಪಟ್ಟಿಯಲ್ಲಿ ಬರುವುದು ಅದು ಕುಸಿದ ವರ್ಷ ಮಾತ್ರ.

2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಅಡಿಕೆ ತೋಟಗಳು ಮಣ್ಣುಪಾಲಾದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಜರಿದ ಗುಡ್ಡ ಗಂಗಾವಳಿ ನದಿಗೆ ಬಿದ್ದಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಈ ದಡದ ಗುಡ್ಡಕ್ಕೆ ಆ ದಡದವರು ಬೆಲೆ ತೆತ್ತರು.

ಎಲೆಚುಕ್ಕಿಯ ನಡೆಯೂ ಹೀಗೆಯೇ. ಶಿಲೀಂಧ್ರದ ಬೀಜಕಣಗಳು ಗಾಳಿಮಳೆಯೊಡನೆ ಮರದಿಂದ ಮರಕ್ಕೆ ದಾಟುತ್ತವೆ. ಒಬ್ಬ ರೈತನು ರೋಗ ತಗುಲಿದ ಸೋಗೆಗಳನ್ನು ಕಡಿಸಿ ಸುಟ್ಟು, ಕೊನೆಗೌಡನಿಗಾಗಿ ವಾರಗಟ್ಟಲೆ ಕಾದು ಔಷಧಿ ಹೊಡೆಸಿದರೂ ಪಕ್ಕದ ತೋಟ ಹಾಗೆಯೇ ಉಳಿದರೆ ಮುಂದಿನ ಮಳೆಗೆ ರೋಗ ಮರಳುತ್ತದೆ. ಪಕ್ಕದ ಮನೆಯ ಮಗ ಬೆಂಗಳೂರಿನಲ್ಲಿ. ಊರಿನಲ್ಲಿ ವೃದ್ಧ ತಂದೆತಾಯಿ ಇಬ್ಬರೇ. ಅವರನ್ನು ದೂರಿ ಫಲವೇನು? ಸಹಕಾರಿ ಸಂಘವೇ ಒಂದು ತಂಡ ಕಟ್ಟಿ, ಇಡೀ ಕಣಿವೆಗೆ ಒಂದೇ ವಾರದಲ್ಲಿ ಸಿಂಪಡಣೆ ಮಾಡಿಸಬೇಕು. ಸರಕಾರದ ನೆರವಾದರೋ ಪಹಣಿ ನೋಡಿ ಬರುತ್ತದೆ, ಕಣಿವೆ ನೋಡಿ ಅಲ್ಲ.

ಇನ್ನು ಸೊಪ್ಪಿನಬೆಟ್ಟ. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಅದು ಸೊಪ್ಪು, ದರಕು, ಮೇವಿನ ಹಕ್ಕೇ ಹೊರತು ಒಡೆತನವಲ್ಲ. ಕಡಿಕಡಿದು ಬೋಳಾದ ಬೆಟ್ಟದಲ್ಲಿ ಮೇಲ್ಮಣ್ಣು ಕೊಚ್ಚಿ, ನೀರು ಇಂಗದೆ ಹರಿದುಹೋಗುತ್ತದೆ. ಜೆಸಿಬಿಯಿಂದ ಬುಡ ಕತ್ತರಿಸಿದ ಇಳಿಜಾರಿಗೆ ಆಧಾರವೇ ಇಲ್ಲ. ಪರಿಸರಪ್ರಿಯರಿಗೆ ರುಚಿಸದ ಮಾತೊಂದನ್ನೂ ಹೇಳಬೇಕು: ಎಲ್ಲ ಬೆಟ್ಟಕ್ಕೂ ಇಂಗುಗುಂಡಿ ಹಿತವಲ್ಲ. ಕಡಿದಾದ, ಆಳವಾದ ಸಡಿಲ ಮಣ್ಣಿನ ಇಳಿಜಾರಿನಲ್ಲಿ ಗುಂಡಿ ತೋಡಿ ನೀರು ತುಂಬಿಸಿದರೆ ಆ ಭಾರವೇ ಕುಸಿತಕ್ಕೆ ಕಾರಣವಾಗಬಹುದು. ಅಲ್ಲಿ ಬೇಕಾದುದು ಮರಗಳ ಬೇರು, ಹಾಗೂ ನೀರು ಸಲೀಸಾಗಿ ಹಳ್ಳ ಸೇರುವ ದಾರಿ.

ಮಳೆಗಾಲಕ್ಕೆ ಮುನ್ನ, ಮತ್ತೆ ಮಳೆ ಬಿಡುವು ಕೊಟ್ಟಾಗಲೆಲ್ಲ, ವಿದ್ಯಾರ್ಥಿಗಳು ಹಿರಿಯರೊಡನೆ ತಮ್ಮೂರಿನ ಬೆಟ್ಟವನ್ನು ದೂರದಿಂದಲಾದರೂ ನೋಡಿ ಬರಲಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರಗಳು, ತಿಳಿಯಾಗಿದ್ದ ಒರತೆಯಲ್ಲಿ ದಿಢೀರನೆ ಕೆಂಪು ನೀರು, ಇವುಗಳಲ್ಲಿ ಒಂದು ಕಂಡರೂ ಕೆಳಗಿನ ಮನೆಯವರಿಗೆ ಅಂದೇ ತಿಳಿಸಿ, ಆ ರಾತ್ರಿ ಅವರು ಬೇರೆಡೆ ಮಲಗುವಂತೆ ಮಾಡಬೇಕು.