ಅಣ್ಣನ ರಕ್ತದ ರಿಪೋರ್ಟು



ನಮ್ಮಣ್ಣನ ರಕ್ತದಲ್ಲಿ ಬಿಳಿ ಕಣ ವಿಪರೀತ ಏರಿ, ಸಿ.ಎಲ್.ಎಲ್. ಎಂಬ ರಕ್ತ ಕ್ಯಾನ್ಸರ್ ಎಂದಾಗ ಹೊಲ ಮಾರುವ ಮಾತೂ ಆಯ್ತು. ಡಾಕ್ಟರು ಮತ್ತೆ ನೋಡಿದ್ದು ಅದೇ ಸಾದಾ ರಿಪೋರ್ಟನ್ನು. ಜೋಧಪುರದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಡಾ. ಕಾಂತಿ ರಾಯ್ ಈ ಕಾಯಿಲೆಯ ಹಂತಗಳನ್ನು 1975ರಲ್ಲೇ ಗುರುತಿಸಿದ್ದಾರಂತೆ. ಬಿಳಿ ಕಣದ ಏರಿಕೆಯೊಂದೇ ಲೆಕ್ಕವಲ್ಲ. ಈ ಕಾಯಿಲೆಯಿಂದಲೇ ಹಿಮೋಗ್ಲೋಬಿನ್ 11ಕ್ಕಿಂತ, ಇಲ್ಲವೇ ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿಳಿದರೆ ರೋಗ ಮುಂದುವರಿದಿದೆ ಎಂದರ್ಥ. (ಹಿಮೋಗ್ಲೋಬಿನ್ ಕಡಿಮೆಯಿದ್ದವರೆಲ್ಲ ಹೆದರಬೇಡಿ, ಅದಕ್ಕೆ ಬೇರೆ ಕಾರಣಗಳೂ ಉಂಟು.) ಅಣ್ಣನಿಗೆ 13 ಇತ್ತು, ಪ್ಲೇಟ್‌ಲೆಟ್ 2 ಲಕ್ಷ, ಗಂಟುಗಳೂ ಇರಲಿಲ್ಲ. ಸದ್ಯಕ್ಕೆ ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಿ ಎಂದರು. ಕ್ಯಾನ್ಸರಿಗೆ ಔಷಧಿ ಬೇಡವೇ ಎಂದು ನಾನು ಜಗಳಕ್ಕೇ ನಿಂತಿದ್ದೆ! ನಾಲ್ಕು ವರ್ಷವಾಯ್ತು. ರಿಪೋರ್ಟುಗಳನ್ನೆಲ್ಲ ಸೊಸೈಟಿ ಪಾಸ್‌ಬುಕ್ಕಿನ ಜೊತೆ ಕಟ್ಟಿಟ್ಟಿದ್ದೇವೆ. ಹೊಲ ಉಳಿದಿದೆ, ಅಣ್ಣ ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾನೆ.