ಟೆನರ್ ಸಾಲಿನಲ್ಲಿ ಜಾಗ ಇದೆ

ಇವತ್ತು ಕೋಡ್ ಬಗ್ಗೆ ಅಲ್ಲ, ಕ್ವಾಯರ್ ಬಗ್ಗೆ ಮಾತಾಡ್ತೀನಿ. ಹೈದರಾಬಾದಿನ ನಮ್ಮ ಚರ್ಚ್ ಕ್ವಾಯರಿನಲ್ಲಿ ಟೆನರ್ ಹಾಡೋರು ಈಗ ಇಬ್ಬರೇ. ನನ್ನ ಜೊತೆಯವರಿಗೆ ಪುಣೆಗೆ ವರ್ಗ ಆಗಿದೆ. ಕ್ರಿಸ್ಮಸ್ ದಿನ ನನಗೊಂದು ನೆಗಡಿ ಬಂದರೆ ಆ ಸಾಲೇ ಖಾಲಿ.

ಯಾರನ್ನ ಕರೆದರೂ "ನನಗೆ ಕಂಠ ಇಲ್ಲ ಮಾರಾಯ" ಅಂತಾರೆ. ಕಂಠಕ್ಕಿಂತ ಮೊದಲು ಬೇಕಾಗಿರೋದು ಕಿವಿ. ಉದ್ದದ ಸ್ವರ ಬಂದಾಗ ನಾವ್ಯಾರೂ ಅದನ್ನ ಒಂದೇ ಉಸಿರಲ್ಲಿ ಎಳೆಯಲ್ಲ. ಪಕ್ಕದವರು ಹಾಡ್ತಿರುವಾಗ ನಾನು ಉಸಿರು ತಗೋತೀನಿ, ಅವರು ತಗೊಳ್ಳುವಾಗ ನಾನು ಹಾಡ್ತೀನಿ. ಕೇಳೋರಿಗೆ ಸ್ವರ ಎಲ್ಲೂ ಮುರಿಯಲ್ಲ. (ಎಂಟೆಕ್‌ನಲ್ಲಿ ಲೋಡ್ ಬ್ಯಾಲೆನ್ಸಿಂಗ್ ಅಂತ ಒಂದು ಇಡೀ ಅಧ್ಯಾಯ ಓದಿದ್ದೆ, ಇಷ್ಟು ಚೆನ್ನಾಗಿ ಅರ್ಥ ಆಗಿರಲಿಲ್ಲ.)

ನೊಟೇಶನ್ ಭಯಾನಾ? 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಬೆಳೆಸಿದ ಟಾನಿಕ್ ಸೋಲ್ಫಾ ಪದ್ಧತಿಯಲ್ಲಿ ಸ್ವರಗಳನ್ನ ಬರೀ ಅಕ್ಷರಗಳಲ್ಲಿ ಬರೀತಾರೆ. ಅಲ್ಲಿನ 'ಡೊ' ನಮ್ಮ ಷಡ್ಜದ ಹಾಗೆ, ಶ್ರುತಿ ಎಲ್ಲಿಗೆ ಹೋದರೆ ಅಲ್ಲಿಗೆ ಬರುತ್ತೆ. ಸರಳೆ ವರಸೆ ಕಲಿತವರಿಗೆ ಅರ್ಧ ಕೆಲಸ ಮುಗಿದ ಹಾಗೇ.

ತೆಲುಗು ಹಾಡು ಅಂತ ಹಿಂಜರಿಯೋ ಕನ್ನಡದವರಿಗೆ ಒಂದು ಮಾತು. ನಮ್ಮ ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಲಿಪಿಗಳಂತೂ ಅಕ್ಕತಂಗಿಯರು. ನಾನು ಮೊದಲು ಸಾಲುಗಳನ್ನ ಕನ್ನಡದಲ್ಲಿ ಬರ್ಕೊಂಡು ಹಾಡ್ತಿದ್ದೆ. ಈಗ ನೇರ ತೆಲುಗನ್ನೇ ಓದ್ತೀನಿ.

ನಿಮ್ಮ ಹತ್ತಿರದ ಕ್ವಾಯರಿನ ಪ್ರಾಕ್ಟೀಸ್ ಯಾವತ್ತು ಅಂತ ಕೇಳಿ, ಹೋಗಿ. ಮೊದಲ ದಿನ ಹಾಡಬೇಕಂತಿಲ್ಲ, ದಪ್ಪ ದನಿಯವರ ಪಕ್ಕ ನಿಂತು ಕೇಳಿಸ್ಕೊಳ್ಳಿ. ನೀರಿನ ಬಾಟಲಿ, ಪೆನ್ಸಿಲ್ ಮರೀಬೇಡಿ.